ಹೇಳದೆ ಚುಚ್ಚಿದ ಸೂಜಿ

ಇದು ನನ್ನ ನಾದಿನಿಗೇ ಆದದ್ದು. ಅವರಿವರ ಬಾಯಿಂದ ಕೇಳಿದ್ದಲ್ಲ.

ರಾತ್ರಿ ಕಾಲೇಜಿನಿಂದ ನಡೆದು ಬರುವಾಗ ಹಾಳು ಬಾವಿ ದಾಟಿದ ಕೂಡಲೇ ಅವಳು ಕೂಗುತ್ತಾಳೆ, "ಅತ್ತಿಗೇ, ಬಾಗಿಲು." ನನ್ನ ಮಗು ಏಳುತ್ತದೆ ಅಂತ ಎಷ್ಟು ಬೈದರೂ ಅಷ್ಟೇ. ಆ ರಾತ್ರಿ ಕೂಗಲಿಲ್ಲ. ಚಪ್ಪಲಿಯ ಪಟ್… ಪಟ್… ಮಾತ್ರ. ಬಾಗಿಲು ತೆಗೆದರೆ ಬಾಯಿಗೆ ಕರ್ಚೀಫು ಒತ್ತಿಕೊಂಡು ನಿಂತಿದ್ದಾಳೆ.

"ಏನೇ, ನಾಲಿಗೆ ಬಾವಿಗೆ ಬಿತ್ತಾ?" ಅಂದೆ.

ಕರ್ಚೀಫು ತೆಗೆಯದೇ ಒಳಗೆ ನಡೆದಳು. ನಾಲಿಗೆ ಹೊರಳಿದ್ದು ಬೆಳಗಿನ ಜಾವ ಮೂರು ಗಂಟೆಗೆ. ಆಗ ಪಿಸುಗುಟ್ಟಿದ್ದು ಇದು.

ಅವಳು ಹಲ್ಲಿನ ಡಾಕ್ಟರಾಗಲು ಓದುತ್ತಿದ್ದಳು. ಹಲ್ಲು ಕೀಳುವ ಪರೀಕ್ಷೆಯಲ್ಲಿ ಎರಡು ಸಲ ಫೇಲು. ಮರುದಿನ ಕೊನೆಯ ಸಲ. ಇದೂ ಹೋದರೆ ಅಷ್ಟು ವರ್ಷದ ಓದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಅಟೆಂಡರನ್ನು ಕಾಡಿ ಬೇಡಿ ಅಭ್ಯಾಸದ ಕೋಣೆ ತೆಗೆಸಿದ್ದಳು.

"ಹತ್ತಕ್ಕೆ ಬಂದು ತೆಗೀತೀನಮ್ಮ," ಅಂತ ಅವನು ಹೊರಗಿನಿಂದ ಬೀಗ ಹಾಕಿದ. ಖಳಕ್.

ಒಳಗೆ ಸಾಲಾಗಿ ಬೊಂಬೆ ತಲೆಗಳು. ರಬ್ಬರ್ ಕೆನ್ನೆ, ಪ್ಲಾಸ್ಟಿಕ್ ಹಲ್ಲು, ಕತ್ತಿನ ಕೆಳಗೆ ಬರೀ ಕಬ್ಬಿಣದ ಸರಳು. ಅವಕ್ಕೂ ಹೇಳಿಯೇ ಚುಚ್ಚಬೇಕು ಅಂತ ಅವರ ಮೇಡಂ ಹಟ: "ಈಗ ಇಂಜೆಕ್ಷನ್ ಕೊಡ್ತೀನಿ, ನೋವಾದ್ರೆ ಎಡಗೈ ಎತ್ತಿ." ಕತ್ತಿಗೇ ಮುಗಿದುಹೋಗಿದೆ, ಕೈ ಎಲ್ಲಿಂದ ತರುತ್ತೆ ಅಂತ ಹುಡುಗಿಯರು ನಗುತ್ತಿದ್ದರಂತೆ.

ಆ ರಾತ್ರಿ ಇವಳು ಹೇಳಲಿಲ್ಲ. ಪುರುಸೊತ್ತೆಲ್ಲಿ? ನೀರು ತುಂಬಿದ ಸೂಜಿ ಸೀದಾ ಕೆಳದವಡೆಗೆ, ಎಡಕ್ಕೆ.

ಇವಳದೇ ಎಡತುಟಿ ಜೋಮು ಹಿಡಿಯಿತು…

ಸುಸ್ತು ಅಂದುಕೊಂಡಳು. ವಸಡು ಕೊಯ್ದಳು. ಹಲ್ಲು ಕಿತ್ತಳು. ಕಟ್. ಒಂದು ಹೊಲಿಗೆ ಹಾಕಿ ಗಂಟು ಬಿಗಿದಳು. ಇವಳ ದವಡೆ ಕಚ್ಚಿಕೊಂಡಿತು. ಅಭ್ಯಾಸಬಲ ನೋಡಿ, ಕೈ ಎರಡನೆಯ ಹೊಲಿಗೆಯನ್ನೂ ಬಿಗಿಯಿತು. ಈಗ ತುಟಿಯೂ ಬಿಚ್ಚದು.

ಓಡಿ ಬಾಗಿಲು ಬಡಿದಳು. ದಬ್, ದಬ್. ಕೂಗಿದರೆ ಮ್… ಮ್… ಅಷ್ಟೇ. ಕಿಟಕಿಗೆಲ್ಲ ಸರಳು. ಬೆನ್ನ ಹಿಂದೆ, ಒದ್ದೆ ಬಲೂನು ಉಜ್ಜಿದ ಹಾಗೆ, ಕಿರ್ರ್… ತಿರುಗಿ ನೋಡಿದಳು. ಆ ತಲೆ ಬಾಗಿಲ ಕಡೆ ಹೊರಳಿತ್ತು.

ಹೇಳದೆ ಚುಚ್ಚಿದೆನಲ್ಲ ಅಂತ ಆಗ ಹೊಳೆಯಿತಂತೆ. ಈಗ ಹೇಳೋಣವೆಂದರೆ ಬಾಯಿಲ್ಲ. ವಾಪಸ್ ಬಂದು ಆ ತಲೆಯ ಮುಂದೆ ಸ್ಟೂಲಿನ ಮೇಲೆ ಕೂತಳು. ತನ್ನ ಎಡಗೈ ಎತ್ತಿದಳು. ತೋಳು ನಡುಗುವ ತನಕ ಎತ್ತಿಕೊಂಡೇ ಕೂತಳು…

ಟಿಕ್. ಬಾಯೊಳಗೆ ದಾರ ಕತ್ತರಿಸಿದ ಸದ್ದು. ತಡೆದು ಇನ್ನೊಂದು. ಟಿಕ್.

ಹತ್ತಕ್ಕೆ ಬೀಗ ತೆಗೆದ ಅಟೆಂಡರು, "ಕೈ ಇಳಿಸಮ್ಮ, ಪಾಠ ಮುಗೀತು," ಅಂದನಂತೆ.

"ಪರೀಕ್ಷೆ ಭಯ ಕಣೇ, ಮಲಗು," ಅಂದೆ ನಾನು. ಅವಳು ಬಾಯಿ ತೆರೆದಳು. ಟಾರ್ಚು ಹಿಡಿದೆ. ಎಡಗಡೆ ಕೊನೆಯ ಹಲ್ಲಿನ ಹಿಂದೆ ವಸಡಿನಲ್ಲಿ ಎರಡು ಹೊಲಿಗೆಯ ತೂತುಗಳು. ನಾಲ್ಕು.

ಮರುದಿನ ಪಾಸಾದಳು. ಬೊಂಬೆಗೆ ಎರಡೆರಡು ಸಲ ಹೇಳಿ ಚುಚ್ಚಿದ್ದಕ್ಕೆ ಪರೀಕ್ಷಕರು ನಕ್ಕರಂತೆ.

ವರ್ಷವಾಯಿತು. ಟೀ ಕುಡಿಯುವಾಗ ಇಂದಿಗೂ ಅವಳ ಎಡಗಡೆಯಿಂದ ಸೋರುತ್ತದೆ. ಅವಳಿಗೆ ಗೊತ್ತಾಗುವುದಿಲ್ಲ. ಮಗುವಿನ ಬಾಯಿ ಒರೆಸುವ ಬಟ್ಟೆಯಲ್ಲೇ ಅವಳದ್ದನ್ನೂ ಒರೆಸುತ್ತೇನೆ. ಸುಳ್ಳು ಹೇಳಿ ನನಗೇನು ಸಿಗಬೇಕು? ಆ ಬಟ್ಟೆ ಒಗೆಯುವವಳೂ ನಾನೇ.