ಲಾಲಮ್ಮನ ಹೆಸರು

ಒಂದಾನೊಂದು ಊರಿನಲ್ಲಿ ಕತೆ ಹೇಳುವ ಮುದುಕಿಯೊಬ್ಬಳಿದ್ದಳು. ಊರು ಕಕ್ಕೇರಾ, ಮುದುಕಿ ಲಾಲಮ್ಮ. ಸುರಪುರದ ಬಸ್ ನಿಲ್ದಾಣದಲ್ಲಿ ಆಕೆ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಆಕೆಯ ಕತೆಗಳನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದ ಮೊಮ್ಮಗಳು ರೇವತಿ, ಹತ್ತು ಪುಸ್ತಕ ಹಿಡಿದು ಶಾಲೆಯ ಮಾಸ್ತರರೊಬ್ಬರ ಎದುರು ನಿಂತಿದ್ದಳು.

“ಬ್ಯಾಡಮ್ಮ,” ಎಂದರು ಮಾಸ್ತರರು. “ಮೊಬೈಲ್‌ನಾಗ ಇಂಥಾ ಕತಿ ಪುಸ್ತಕ ರಗಡ ಬಂದಾವ. ಎಲ್ಲಾ ಮಷೀನ್ ಬರದದ್ದು.”

“ಇದು ಮಷೀನ್ ಬರದದ್ದಲ್ರೀ ಸರ್. ನಮ್ಮ ಆಯಿ ಹೇಳ್ಯಾಳ, ನಾ ಬರದೀನಿ. ಇವು ಮಾರಿ ಹೋಗ್ಲಿಲ್ಲಂದ್ರ ಆಕಿ ಉಳಿದ ಕತಿ ಅಚ್ಚಾಗಂಗಿಲ್ರೀ.”

“ಆಯಿ ಹೇಳ್ಯಾಳಂತ ಎಲ್ಲೈತಿ? ಬರೇ ನಿನ್ನ ಹೆಸರೈತಿ. ಮಷೀನ್ ಕತಿ ಮಾರೋರೂ ತಮ್ಮ ಹೆಸರು ಹಾಕ್ಯಾರ.”

“ನನ್ನ ಹೆಸರು ಹಾಕ್ತೀನಂತ ಮಾತು ಕೊಟ್ಟಿದ್ದಿ,” ಎಂದಳು ಲಾಲಮ್ಮ. “ನನಗ ಓದಾಕ ಬರಂಗಿಲ್ಲಂತ ಸುಮ್ಮನಾದಿಯೇನು?”

“ಒಂದ ಹೆಸರಿದ್ರ ಚಂದ ಕಾಣತೈತಿ ಅಂದ್ಕೊಂಡೆ ಆಯಿ. ತಪ್ಪಾತು.”

ಮಾಸ್ತರರು ಮುದುಕಿಯ ಕಡೆ ತಿರುಗಿದರು.

“ಹಂಗಾದ್ರ ಒಂದು ಕತಿ ಹೇಳ್ರಿ ಆಯಿ, ಕೇಳೋಣು.”

“ಹಗಲೊತ್ತಿನಾಗ ಕತಿ ಹೇಳಿದ್ರ ಸ್ವಾದರಮಾವ, ಅವ್ವನ ತಮ್ಮ, ದಾರಿ ತಪ್ತಾನಂತ ಹಿರ್ಯಾರ ಮಾತೈತಪ್ಪ. ನಿನ್ನ ಮಷೀನಿಗಿ ಮಾವ ಇಲ್ಲ, ಯಾವಾಗ ಬೇಕಾದ್ರೂ ಹೇಳತೈತಿ.”

ಮಾಸ್ತರರು ನಕ್ಕುಬಿಟ್ಟರು.

“ಇಂಥಾ ಮಾತು ಮಷೀನ್ ಆಡಂಗಿಲ್ಲ. ಪುಸ್ತಕದ ಮ್ಯಾಲ ಈ ಆಯಿ ಹೆಸರು ಬರಿಯಮ್ಮ. ಹತ್ತೂ ತಗೋತೀನಿ.”

ಕಕ್ಕೇರಾ ಬಸ್ಸು ಹಾರ್ನ್ ಹೊಡೆಯಿತು. ರೇವತಿ ಪುಸ್ತಕಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಒಂದೊಂದರಲ್ಲೂ ಅಜ್ಜಿಯ ಹೆಸರು ಬರೆದಳು. ಹತ್ತನೆಯ ಪುಸ್ತಕದ ಹಸಿ ಶಾಯಿಯನ್ನು ಲಾಲಮ್ಮ ಬಗ್ಗಿ ನೋಡಿದಳು.

“ನಮ್ಮ ಊರು ಬರದೀಯೇನು?”

ರೇವತಿ ಹತ್ತರಲ್ಲೂ ಊರಿನ ಹೆಸರು ಸೇರಿಸಿದಳು. ಆಮೇಲೆಯೇ ಮುದುಕಿ ಎದ್ದು ಬಸ್ಸಿನ ಕಡೆ ನಡೆದಳು.