ಹಿಂದಿನ ಕೋಣೆಯ ಒಂದು ನಿಮಿಷ

ಅಜ್ಜಿ ಅಂಗಿಗೆ ನಾಲ್ಕನೆಯ ಗುಂಡಿ ಹಚ್ಚುತ್ತಿದ್ದಾಗ ಕರೆಂಟು ಹೋಯಿತು. ಹೊಲಿಗೆ ಅಂಗಡಿಯ ಆರೂ ಮಿಷನ್ನುಗಳು ಒಟ್ಟಿಗೆ ನಿಂತವು. ಹೊರಗೆ ಸಂಜೆಯ ಮಳೆ ಜಡಿಯುತ್ತಿತ್ತು. ಹೊಲಿಯುವಂತಿಲ್ಲ, ಮನೆಗೂ ಹೋಗುವಂತಿಲ್ಲ. ಹೆಂಗಸರು ಸ್ಟೂಲುಗಳನ್ನು ಅಜ್ಜಿಯ ಸುತ್ತ ಎಳೆದುಕೊಂಡರು.

"ಮೊಮ್ಮಗಳ ಸಿನಿಮಾ ಎಲ್ಲಿಗೆ ಬಂತಜ್ಜೀ? ನಾವೂ ಅದರಲ್ಲಿ ಇದ್ದೀವೋ, ಕತ್ತರಿ ಹಾಕಿದ್ಲೋ?" ಎಂದಳು ಕಾಲರ್ ಹೊಲಿಯುವವಳು.

ಅಜ್ಜಿ ನಗಲಿಲ್ಲ. ಮಡಿಲಲ್ಲಿದ್ದ ಗುಂಡಿ ಡಬ್ಬಿಯ ಮುಚ್ಚಳವನ್ನು ಒತ್ತಿ ಹಿಡಿದು, ಹಿಂದಿನ ಕೋಣೆಯ ಬಾಗಿಲ ಕಡೆ ಒಮ್ಮೆ ನೋಡಿ ಶುರು ಮಾಡಿದಳು.

"ಹತ್ತು ನಿಮಿಷದ ಸಿನಿಮಾ ಕಣ್ರೇ, ಅವಳ ಮೊದಲನೇದು. ಕ್ಯಾಮೆರಾ ಗೆಳತೀದು, ಸೌಂಡೆಲ್ಲ ಇವಳದೇ. ಆ ಕೋಣೇಲಿ ಶೂಟಿಂಗ್ ಆಯ್ತಲ್ಲ... ಈ ಕೆಲಸದಲ್ಲಿ ಒಂದು ಪದ್ಧತಿ ಇದೆಯಂತೆ. ಎಲ್ಲಾ ಮುಗಿದ ಮೇಲೆ, ಯಾರೂ ಮಾತಾಡದೆ ಕದಲದೆ, ಆ ಕೋಣೆಯ ಮೌನವನ್ನೇ ಒಂದು ನಿಮಿಷ ರೆಕಾರ್ಡ್ ಮಾಡ್ಕೋಬೇಕಂತೆ, ಮಾತಿನ ನಡುವೆ ತೇಪೆ ಹಾಕೋಕೆ. ನಾವು ಅದೇ ಬಟ್ಟೆ ತುಂಡು ಎತ್ತಿಟ್ಕೊಳ್ಳಲ್ವಾ, ಹಾಗೆ. ಹೊಸಬಳು ನೋಡಿ, ಮರೆತೇಬಿಟ್ಲು. ಮಾರನೇ ದಿನ ಬಂದು, ಬಾಗಿಲು ಹಾಕ್ಕೊಂಡು, ಒಬ್ಬಳೇ ಹಿಡಿದ್ಲು.

"ಮಿಕ್ಸಿಂಗಿಗೆ ಕೂತು ಕೇಳಿದ್ರೆ... ಆ ಮೌನದಲ್ಲಿ ಯಾರೋ ಗಂಡಸು. 'ಹಾಕಿದ್ಯಾ?' ಅಂತ. ಬೀದೀಲಿ ಹೋಗೋರು ಅಂದ್ಕೊಂಡ್ಲು. ಕಂಪ್ಯೂಟರಿನಲ್ಲಿ ಫ್ಯಾನಿನ ಸದ್ದು ತೆಗೆದ್ಲು, ವಾಹನದ ಸದ್ದು ತೆಗೆದ್ಲು. ತೆಗೆದಷ್ಟೂ ಆ ದನಿ ಹತ್ತಿರ ಬಂತು. ಕೊನೆಗೆ ಅದೊಂದೇ ಉಳೀತು. ಹೆಡ್‌ಫೋನು ನನ್ನ ಕಿವಿಗಿಟ್ಟು 'ಇದ್ಯಾರಜ್ಜೀ?' ಅಂದ್ಲು. ಗೊತ್ತಿಲ್ಲ ಅಂದೆ. ಗಂಡನ ದನಿ ಗೊತ್ತಾಗದೆ ಇರುತ್ತಾ?

"ಆಗ ಇದೇ ನಮ್ಮ ಮನೆ. ಆ ಕೋಣೇಲೇ ಅಲ್ವಾ ಅವರು ಕಾಯಿಲೆ ಬಿದ್ದು ಮಲಗಿದ್ದು... ಒಡಹುಟ್ಟಿದ ತಮ್ಮನನ್ನ ಹೊಡೆದು ಮನೆಯಿಂದ ಹೊರಗೆ ಹಾಕಿದ್ರಲ್ಲ, ಆ ಸಂಕಟಕ್ಕೆ ನನ್ನ ಕೈಲಿ ಕಾಗದ ಬರೆಸಿದ್ರು. 'ತಪ್ಪು ನಂದೇ, ಒಂದ್ಸಲ ಬಂದುಹೋಗು' ಅಂತ. ರಾತ್ರಿ ಶಾಲೇಲಿ ಕಲಿತ ಅಕ್ಷರ ನಂದು. ಅದೇ ಮೈದುನ ಹಿಂದೆ ಎಲ್ಲರೆದುರು ನಕ್ಕಿದ್ದ, 'ಅತ್ತಿಗೆ ಬರೆದಿದ್ದನ್ನ ಕೋಳಿ ಬಂದೇ ಓದ್ಬೇಕು' ಅಂತ. ಆ ಕಿಚ್ಚು... ನಾನು ಕಾಗದ ಹಾಕಲಿಲ್ಲ ಕಣ್ರೇ. ದಿನಾ ಕೇಳೋರು, ಹಾಕಿದ್ಯಾ? ಹಾಕಿದೆ ಅನ್ನೋಳು. ಹನ್ನೊಂದು ದಿನ ಬಾಗಿಲು ನೋಡ್ತಾನೇ ಹೋಗ್ಬಿಟ್ರು."

ಅಜ್ಜಿ ಸೆರಗಿನಿಂದ ಡಬ್ಬಿಯ ಮುಚ್ಚಳ ಒರೆಸಿದಳು.

"ನಾಳೆ ಸಿನಿಮಾ ಒಪ್ಪಿಸಬೇಕು. ಹುಡುಗಿಗೆ ಅಳೋದೊಂದು ಬಾಕಿ. ನಿನ್ನೆ ಬಂದು ಇನ್ನೊಂದು ನಿಮಿಷ ಹಿಡಿದ್ಲು. ಈ ಸಲ ಎರಡು ದನಿ... ಒಂದು 'ಹಾಕಿದ್ಯಾ?' ಅನ್ನುತ್ತೆ. ಇನ್ನೊಂದು, ದೂರದಿಂದ, 'ಕಾಗದ ಬಂದಿಲ್ಲಣ್ಣ' ಅನ್ನುತ್ತೆ. ಇವತ್ತು ಬೆಳಿಗ್ಗೆ ಸುದ್ದಿ ಬಂತು, ಮೈದುನ ಮೊನ್ನೆ ತೀರ್ಕೊಂಡನಂತೆ."

"ಹೆದರಿಸಬೇಡಿ ಅಜ್ಜೀ," ಎಂದ ಕಾಲರಿನವಳ ದನಿ ಅರ್ಧಕ್ಕರ್ಧ ಇಳಿದಿತ್ತು.

"ಮಿಷನ್ನು ನಿಂತಿವೆಯಲ್ಲ. ನೀವೇ ಒಂದು ನಿಮಿಷ ಸುಮ್ಮನಿದ್ದು ನೋಡಿ ಮತ್ತೆ."

ಅವರು ಸುಮ್ಮನಾದರು. ಮಳೆ ಸುರಿಯಿತು. ನಿಮಿಷ ತುಂಬುವ ಮೊದಲೇ ಹಿಂದಿನ ಕೋಣೆಯಲ್ಲಿ, ಯಾರೋ ಮಗ್ಗುಲು ಬದಲಿಸಿದಂತೆ ಮಂಚ ಕಿರುಗುಟ್ಟಿತು. ಆ ಕೋಣೆಯಿಂದ ಮಂಚ ತೆಗೆದು ಎಷ್ಟೋ ವರ್ಷಗಳಾಗಿದ್ದವು.

ಅಜ್ಜಿ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಗುಂಡಿಗಳೆಲ್ಲ ಉರುಳಿದ ಮೇಲೆ ತಳದಿಂದ ಹಳದಿಗಟ್ಟಿದ ಲಕೋಟೆಯೊಂದು ಬಿತ್ತು.

"ಈಗ ಹಾಕಿದ್ರೆ ಓದೋರು ಯಾರಜ್ಜೀ?" ಎಂದಳು ಕಾಲರಿನವಳು.

"ಬರೆಸಿದೋರು ಕಾಯ್ತಿದ್ದಾರಲ್ಲ ತಾಯಿ."

ಅಜ್ಜಿ ಕೊಡೆ ಹಿಡಿದು ಬೀದಿ ದಾಟಿದಳು. ಅಂಚೆ ಡಬ್ಬಿಯ ಬಾಯಿಯ ಬಳಿ ಬೆರಳುಗಳು ಒಂದು ಕ್ಷಣ ತಡೆದವು, ಆಮೇಲೆ ಸಡಿಲಿದವು; ಲಕೋಟೆ ಒಳಗೆ ಜಾರಿತು.

"ಹಾಕಿದೆ ಕಣ್ರೀ," ಎಂದಳು ಗಂಡನಿಗೆ.

ಅಜ್ಜಿ ಕೊಡೆ ಮಡಚಿ, ಮಳೆಯಲ್ಲೇ ಡಬ್ಬಿಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು. ಯಾರೋ ಒಳಗೆ ಕೈಯೊಡ್ಡಿ ಹಿಡಿದುಕೊಂಡಂತೆ, ಲಕೋಟೆ ತಳಕ್ಕೆ ಬಿದ್ದ ಸದ್ದು ಮಾತ್ರ ಕೇಳಲೇ ಇಲ್ಲ.