ಕತ್ತರಿಸದ ಕೊನೆಯ ಹಾಳೆ

ಇದು ಬೇರೆ ಯಾರಿಗೋ ಅಲ್ಲ, ನನ್ನ ದೊಡ್ಡಪ್ಪನ ಮಗನಿಗೇ ಆದದ್ದು. ಬೀದಿಯವರೆಲ್ಲ ಅವನನ್ನು ಹಡಗಣ್ಣ ಅಂತ ಕರೆಯುತ್ತಿದ್ದರು. ಈಜು ಬಾರದು, ಸಮುದ್ರ ಕಂಡವನೂ ಅಲ್ಲ. ಆದರೆ ಹಳೇ ಸಮುದ್ರಯಾನದ ಪುಸ್ತಕದ ಮೊದಲ ಮುದ್ರಣ ಎಲ್ಲೋ ಇದೆ ಅಂದರೆ ಸಾಕು, ಊಟ ಬಿಟ್ಟು ಓಡುವ ಆಸಾಮಿ.

ಆ ರಾತ್ರಿ ಅಂಥದ್ದೊಂದನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ನಡೆದು ಬರುತ್ತಿದ್ದ. ಹಲಗೆ ಸಂದಿಗಳಲ್ಲಿ ನೀರು ನುಗ್ಗಿ ಮುಳುಗಿದ ಹಡಗಿನ ಕತೆ, ಬದುಕಿ ಬಂದ ಒಬ್ಬ ಬರೆದದ್ದು. ಕೊನೆಯ ಹಾಳೆಗಳು ಅಂಚಿನಲ್ಲಿ ಇನ್ನೂ ಕೂಡಿಕೊಂಡೇ ಇದ್ದವು. ಅಚ್ಚಾದಾಗಿನಿಂದ ಯಾರೂ ಕತ್ತರಿಸಿ ಓದಿರಲಿಲ್ಲ. ಸಂಗ್ರಹ ಮಾಡುವವರಿಗೆ ಅದೇ ಪ್ರಾಣ. ಚಾಕು ತಾಗಿತೋ, ಪುಸ್ತಕದ ಮಾನ ಹೋಯಿತು.

ಪಾಳುಬಾವಿ ದಾಟುವಾಗ ಹಿಂದೆ ಸದ್ದು... ಪಚ್... ಪಚ್. ಒದ್ದೆ ಕಾಲಿನ ಸದ್ದು. ಇವನು ನಿಂತರೆ ಅದೂ ನಿಲ್ಲುತ್ತದೆ. ತಿರುಗಿದರೆ ಯಾರೂ ಇಲ್ಲ. ಮಳೆ ಬಿದ್ದು ತಿಂಗಳಾಗಿತ್ತು. ಓಡಿ ಮನೆ ಸೇರಿ ಅಗಳಿ ಹಾಕಿದ.

ಬಾಗಿಲ ಸಂದಿಯಿಂದ ಪಿಸುಮಾತು.

“ಹಡಗಿನ ಬಡಗಿ... ಮನೆ ಸೇರಿದ್ನಾ?”

ಅತ್ತಿಗೆ ಅವನ ತೋಳು ಹಿಡಿದಳು. “ಯಾರ್ರೀ ಅದು?”

“ಮಾತಾಡ್ಬೇಡ.”

ಹೊರಗಿಂದ ಮತ್ತೆ ಅದೇ ದನಿ, “ಕೊನೇ ಹಾಳೆ... ನೋಡಿ ಹೇಳಿ.”

ಬಾಗಿಲ ಕೆಳಗಿಂದ ನೀರು ಹರಿದು ಬಂತು. ಉಪ್ಪಿನ ವಾಸನೆ.

“ಕತ್ತರಿಸ್ರೀ,” ಅಂದಳು ಅತ್ತಿಗೆ. “ಪುಸ್ತಕ ಹೋದ್ರೆ ಹೋಗ್ಲಿ. ನಾವು ಉಳೀಬೇಕಲ್ಲ.”

ಕೂಡಿಕೊಂಡ ಅಂಚಿಗೆ ಚಾಕು ಎಳೆದ... ಸರ್ರ್. ಒಳಗೆ ಮುಳುಗಿ ಸತ್ತವರ ಪಟ್ಟಿ. ಮೂರನೆಯ ಸಾಲಿನಲ್ಲೇ ಇತ್ತು: ಹಡಗಿನ ಬಡಗಿ.

ನಿಜ ಹೇಳುವ ಧೈರ್ಯ ಅವನಿಗಿರಲಿಲ್ಲ. ನಿಮಗೂ ಇರುತ್ತಿರಲಿಲ್ಲ, ಬಿಡಿ.

“ಸೇರಿದ್ರಂತೆ,” ಅಂದುಬಿಟ್ಟ. “ಮನೇಲೇ ಇದಾರಂತೆ... ಸುಖವಾಗಿ.”

ಹೊರಗೆ ಯಾರೋ ನಿಟ್ಟುಸಿರು ಬಿಟ್ಟ ಹಾಗಾಯಿತು. ಆಮೇಲೆ... ಪಚ್... ಪಚ್. ಈ ಸಲ ಬಾಗಿಲಿನ ಒಳಗೆ. ಹಾಕಿದ ಅಗಳಿ ಹಾಕಿದ ಹಾಗೇ ಇತ್ತು.

ದೀಪ ಆರಿತು. ಇಬ್ಬರೂ ಮಂಚದ ಮೂಲೆಯಲ್ಲಿ ಮುದುಡಿ ಕೂತರು. ಬೆಳಗಿನವರೆಗೂ ಕತ್ತಲಲ್ಲಿ ಮರದ ಸುತ್ತಿಗೆಯ ಸದ್ದು. ಟಕ್... ಟಕ್... ಒಂದು ಕಿಟಕಿ ಮುಗಿಸಿ ಇನ್ನೊಂದಕ್ಕೆ.

ಬೆಳಿಗ್ಗೆ ಬಾಗಿಲು ತೆರೆಯಲು ಆಗಲಿಲ್ಲ. ಅತ್ತಿಗೆ ಕಿರುಚಿದ್ದು ಕೇಳಿ ಹಾರೆ ಹಾಕಿ ಒಡೆದವನು ನಾನೇ. ನಂಬುವುದು ಬಿಡುವುದು ನಿಮ್ಮಿಷ್ಟ, ಕಣ್ಣಾರೆ ಕಂಡದ್ದು ಹೇಳುತ್ತಿದ್ದೇನೆ. ಬಾಗಿಲು, ಕಿಟಕಿ, ಒಂದು ಸಂದಿಯನ್ನೂ ಬಿಡದೆ, ನೀರು ನುಗ್ಗದ ಹಾಗೆ ಹಡಗಿನ ಬಡಗಿಗಳು ಹಲಗೆಗೆ ಮಾಡುವಂತೆ, ಹಗ್ಗದ ನಾರು ತುರುಕಿ ಡಾಂಬರು ಬಳಿದಿತ್ತು. ಒಳಗಿನಿಂದ ಬಳಿದಿತ್ತು. ನನ್ನ ಹಾರೆಗೆ ಅಂಟಿದ್ದು ಇವತ್ತಿಗೂ ಒಣಗಿಲ್ಲ.